ಉದ್ರಿ ಬುಕ್ಕು ಮತ್ತು ಬಿಲ್ಲು: ಗಂಗಾವತಿ ಸೀಮೆಯ ಒಂದು ಕಿರಾಣಿ ಅಂಗಡಿಯ ಪ್ರಕರಣ

ಇದು ಕೊಪ್ಪಳ ಜಿಲ್ಲೆಯ ಒಂದು ಊರಿನಲ್ಲಿ 2025ರಲ್ಲಿ ನಡೆದ ಸಂಗತಿ. ಊರಿನ ಹೆಸರು, ಅಂಗಡಿಯ ಹೆಸರು ಬರೆದಿಲ್ಲ. ಮನೆಯವರ ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಆ ಊರಿನ ಮಹಿಳಾ ಸಂಘದ ಲೆಕ್ಕಪತ್ರಕ್ಕೆ ನಾನು ಆಗಾಗ ಕೈಜೋಡಿಸುತ್ತೇನೆ. ಹಾಗಾಗಿ ಈ ವಿಷಯ ಹತ್ತಿರದಿಂದ ನೋಡಲು ಸಿಕ್ಕಿತು. ಇಂಥ ಅಂಗಡಿ, ಇಂಥ ಮನೆ ನಮ್ಮ ಕಡೆ ಊರಿಗೊಂದು ಇದ್ದೇ ಇರುತ್ತವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ರಸ್ತೆಯ ಎರಡೂ ಬದಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿ. ಭತ್ತದ ಗದ್ದೆ, ರೈಸ್ ಮಿಲ್ಲು, ಲಾರಿ. ಊರುಗಳು ಬೇಗ ಬೆಳೆದಿವೆ. ಅಂಥ ಒಂದು ಊರಿನ ಹೊಸ ಬಡಾವಣೆಯಲ್ಲಿ ಶಾರದಕ್ಕನ ಮನೆ. ಗಂಡ ಗಂಗಾವತಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಸಂಬಳ ಎಂಟನೇ ತಾರೀಖಿನ ಹೊತ್ತಿಗೆ ಕೈಗೆ ಬರುತ್ತದೆ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ತಿಂಗಳ ಕಿರಾಣಿ, ಹಾಲು ಸೇರಿ ಸುಮಾರು 6,500 ರೂಪಾಯಿ.

ಬಡಾವಣೆಯಲ್ಲಿ ಮೊದಲು ಒಬ್ಬ ಅಜ್ಜನ ಸಣ್ಣ ಅಂಗಡಿ ಇತ್ತು. ಅದು ಮುಚ್ಚಿದ ಮೇಲೆ ‘ಸೂಪರ್ ಮಾರ್ಕೆಟ್’ ಎಂಬ ಬೋರ್ಡಿನ ಅಂಗಡಿ ಬಂತು. ಟ್ಯೂಬ್‌ಲೈಟು, ರ‍್ಯಾಕು, ಕಂಪ್ಯೂಟರ್ ಬಿಲ್ಲು, ದೊಡ್ಡ ಫ್ರಿಜ್ಜು. ಮೊದಮೊದಲು ಎಲ್ಲರಿಗೂ ಖುಷಿಯೇ ಆಗಿತ್ತು. ಸಾಹುಕಾರರಿಗೆ ಬೇರೆ ವ್ಯಾಪಾರವೂ ಇದೆ. ಅಂಗಡಿ ಕಡೆ ಅವರು ಬರುವುದು ರಾತ್ರಿ ಗಲ್ಲಾ ಎಣಿಸುವ ಹೊತ್ತಿಗೆ. ಹಗಲೆಲ್ಲ ಹುಡುಗರದೇ ಕಾರುಬಾರು. ಕೂಲಿ ಕಡಿಮೆ, ಕೆಲಸ ಜಾಸ್ತಿ. ಹಾಗಾಗಿ ಯಾವ ಹುಡುಗನೂ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ.

ಈ ಅಂಗಡಿ ಉದ್ರಿ ಕೊಡುತ್ತಿತ್ತು. ಇದನ್ನು ಮೊದಲೇ ಹೇಳಬೇಕು, ಯಾಕಂದರೆ ಪ್ರಕರಣದ ಬೇರು ಇಲ್ಲೇ ಇದೆ. ಅಂಗಡಿಯಲ್ಲೊಂದು ದೊಡ್ಡ ಬುಕ್ಕು, ಗಿರಾಕಿಯ ಕೈಯಲ್ಲೊಂದು ಚಿಕ್ಕ ಬುಕ್ಕು. ನಗದು ಕೊಟ್ಟವರಿಗೆ ಕಂಪ್ಯೂಟರ್ ಬಿಲ್ಲು. ಉದ್ರಿಯವರಿಗೆ ಬಿಲ್ಲು ಇಲ್ಲ. ತಾರೀಖು ಹಾಕಿ ಮೊತ್ತ ಬರೆದರೆ ಮುಗಿಯಿತು. ಯಾವ ಸಾಮಾನಿಗೆ ಎಷ್ಟು ಹಿಡಿದರು ಅಂತ ಎಲ್ಲೂ ಬರೆದಿರುತ್ತಿರಲಿಲ್ಲ.

ತೊಂದರೆ ಏನಿತ್ತು

ರ‍್ಯಾಕಿನ ಚೀಟಿಯಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು. ಕಂಪ್ಯೂಟರಿನಲ್ಲಿ ರೇಟು ಬದಲಾದರೂ ರ‍್ಯಾಕಿನ ಚೀಟಿಯನ್ನು ಯಾರೂ ಬದಲಿಸುತ್ತಿರಲಿಲ್ಲ. ಹಳೇ ಮಾಲು ಮುಂದೆ, ಹೊಸ ಮಾಲು ಹಿಂದೆ ಇಟ್ಟರೆ ಹಳೆಯದು ಮೊದಲು ಖರ್ಚಾಗುತ್ತದೆ. ಅದು ಸರಿಯಾದ ಪದ್ಧತಿಯೇ. ಆದರೆ ದಿನಾಂಕ ಮುಗಿದದ್ದನ್ನು ತೆಗೆದು ಹಾಕುವ ಪದ್ಧತಿ ಇಲ್ಲಿ ಇರಲಿಲ್ಲ. ಕರೆಂಟ್ ಬಿಲ್ ಉಳಿಸಲು ರಾತ್ರಿ ಫ್ರಿಜ್ಜು ಆರಿಸುತ್ತಿದ್ದರು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಹಾಲು ಮೊಸರು ತಡೆಯುತ್ತವೆಯೇ? ಬೆಳಗ್ಗೆ ತಂದ ಹಾಲು ಒಲೆ ಮೇಲೆ ಇಟ್ಟ ಕೂಡಲೇ ಒಡೆಯುತ್ತಿತ್ತು. ಸಾಲದ್ದಕ್ಕೆ ಹಾಲಿನ ಪ್ಯಾಕೆಟ್ಟಿಗೆ ಮುದ್ರಿಸಿದ ಬೆಲೆಗಿಂತ 2 ರೂಪಾಯಿ ಜಾಸ್ತಿ. ಕೇಳಿದರೆ ‘ಕೂಲಿಂಗ್ ಚಾರ್ಜು’ ಅನ್ನುವುದು.

ತೊಗರಿಬೇಳೆ, ಸಕ್ಕರೆ, ಶೇಂಗಾ ಅಂಗಡಿಯಲ್ಲೇ ಕವರಿಗೆ ತುಂಬಿ ಪಿನ್ ಹೊಡೆದು ಇಡುತ್ತಿದ್ದರು. ಮೇಲೆ ತೂಕವಿಲ್ಲ, ತಾರೀಖಿಲ್ಲ. ಬಾಯಲ್ಲಿ ‘ಅರ್ಧ ಕೆಜಿ’ ಅಂದರೆ ಅರ್ಧ ಕೆಜಿ. ಚಿಲ್ಲರೆ ಬದಲು ಚಾಕೊಲೇಟು. ಸಂಬಳದ ವಾರದಲ್ಲಿ ಒಂದೇ ಕೌಂಟರ್, ಉದ್ದ ಸಾಲು. ಏನಾದರೂ ಕೇಳಿದರೆ, “ಬೇಕಿದ್ರ ತಗೋರಿ, ಇಲ್ಲಾಂದ್ರ ಬಿಡ್ರಿ.”

ಇದರಲ್ಲಿ ಎಷ್ಟು ಮೋಸ, ಎಷ್ಟು ಬೇಜವಾಬ್ದಾರಿ? ನನ್ನ ಅಂದಾಜಿನಲ್ಲಿ ರೇಟಿನ ಚೀಟಿ, ಹಳೇ ಮಾಲು, ಉದ್ದ ಸಾಲು ಇವೆಲ್ಲ ಬೇಜವಾಬ್ದಾರಿಯವು. ನೋಡಿಕೊಳ್ಳುವವರಿಲ್ಲದ ಅಂಗಡಿಯಲ್ಲಿ ಹಾಗೇ ಆಗುತ್ತದೆ. ಕೂಲಿಂಗ್ ಚಾರ್ಜು ಹಾಗಲ್ಲ. ಅದು ಸಾಹುಕಾರರೇ ಮಾಡಿದ ತೀರ್ಮಾನ. ಈ ಎರಡನ್ನೂ ಬೇರೆ ಮಾಡಿ ನೋಡಿದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ಏನೇನು ಮಾಡಿ ನೋಡಿದರು

ಮೊದಲು ಜಗಳ. ಹಬ್ಬಕ್ಕೆ ಭಜಿ ಮಾಡಲು ತಂದ ಕಡಲೆಹಿಟ್ಟಿನಲ್ಲಿ ಹುಳ ಇದ್ದವು. ಪ್ಯಾಕೆಟ್ಟಿನ ದಿನಾಂಕ ಮುಗಿದು ಎರಡು ತಿಂಗಳಾಗಿತ್ತು. ಅಕ್ಕ ಪ್ಯಾಕೆಟ್ ಹಿಡಿದುಕೊಂಡು ಹೋಗಿ ಕೌಂಟರಿನ ಹುಡುಗನಿಗೆ ಜೋರು ಮಾಡಿದರು. ಅಂಗಡಿ ತುಂಬ ಜನ. ಹುಡುಗ ಬುಕ್ಕು ತಿರುವಿ ಹಾಕಿ ಹೇಳಿದ: “ಅಕ್ಕಾರ, ನಿಮ್ದು ಹಳೇ ಬಾಕಿನೇ ಐತಲ್ರಿ. ಮೊದ್ಲ ಅದನ್ನ ಕೊಡ್ರಿ.”

ಅಕ್ಕ ಮರುಮಾತಾಡದೆ ಮನೆಗೆ ಬಂದರು. ಎಲ್ಲರೆದುರು ಮಾನ ಹೋದ ಹಾಗಾಯಿತು ಅಂತ ಸಂಘದ ಸಭೆಯಲ್ಲಿ ಹೇಳಿಕೊಂಡು ಅತ್ತರು. ಆ ಮಾತು ಕೇಳಿದ ಮೇಲೆ ಇನ್ನೂ ನಾಲ್ಕೈದು ಜನ ಬಾಯಿ ಬಿಟ್ಟರು. ಎಲ್ಲರ ಕಥೆಯೂ ಒಂದೇ. ಸಾಮಾನು ಕೆಟ್ಟಿದ್ದರೂ ಸುಮ್ನೆ ತರುವುದು, ಯಾಕಂದರೆ ಬಾಕಿ ಇದೆ.

ಆ ಸಭೆಯಲ್ಲೇ ಇನ್ನು ಆ ಅಂಗಡಿಗೆ ಯಾರೂ ಹೋಗುವುದು ಬೇಡ ಅಂತ ಮಾತಾಯಿತು. ಅದು ಉಳಿಯಲಿಲ್ಲ. ರಾತ್ರಿ ಉಪ್ಪು ಖಾಲಿಯಾದರೆ ಹತ್ತಿರ ಇರುವುದು ಅದೊಂದೇ. ಕೈಯಲ್ಲಿ ದುಡ್ಡಿಲ್ಲದ ಇಪ್ಪತ್ತೈದನೇ ತಾರೀಖಿಗೆ ಸಾಮಾನು ಕೊಡುವುದೂ ಅದೊಂದೇ. ಬಾಕಿ ಇದ್ದವರು ಒಬ್ಬೊಬ್ಬರಾಗಿ ವಾಪಸ್ ಹೋದರು. ಅವರನ್ನು ದೂರುವ ಹಾಗೂ ಇಲ್ಲ.

ಆಮೇಲೆ ಅಕ್ಕ ಸಂಬಳದ ದುಡ್ಡು ತಗೊಂಡು ಗಂಗಾವತಿಯ ದೊಡ್ಡ ಮಳಿಗೆಯೊಂದಕ್ಕೆ ಹೋದರು. ಅಲ್ಲಿ ಎಲ್ಲ ಚೊಕ್ಕ, ಬಿಲ್ಲೂ ಸರಿ. ಆದರೆ ಚೀಟಿ ಬರೆದುಕೊಂಡು ಹೋಗಿರಲಿಲ್ಲ. ಮೂರು ಕೊಂಡರೆ ಒಂದು ಉಚಿತ ಅಂತ ಶಾಂಪೂ ಬಂತು, ಮಕ್ಕಳು ಹಟ ಮಾಡಿದರು ಅಂತ ನೂಡಲ್ಸ್ ಬಂತು, ಡಬ್ಬಿ ಚೆಂದ ಇದೆ ಅಂತ ಇನ್ನೇನೋ ಬಂತು. ಬರುವಾಗ ಆಟೋ. ಆ ತಿಂಗಳ ಖರ್ಚು ಎಂದಿಗಿಂತ 900 ರೂಪಾಯಿ ಜಾಸ್ತಿ ಆಯಿತು, ಊರಿನ ಬಾಕಿ ಹಾಗೇ ಉಳಿಯಿತು. ಗಂಡ ಹೆಂಡತಿ ನಡುವೆ ಮಾತಿಗೆ ಮಾತು ಬೆಳೆಯಿತು. ಕೆಟ್ಟ ಅಂಗಡಿ ಬಿಟ್ಟು ಒಳ್ಳೆ ಅಂಗಡಿಗೆ ಹೋದ ಮಾತ್ರಕ್ಕೆ ಖರ್ಚು ಇಳಿಯುವುದಿಲ್ಲ ಅಂತ ಆ ತಿಂಗಳೇ ಗೊತ್ತಾಯಿತು.

ನಿಜವಾದ ತಿರುವು ಬಂದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಿಂದ. ಸಂಘದ ಸಭೆಯಲ್ಲಿ ಒಂದು ಮಾತಿಗೆ ಬಂದೆವು. ಒಂದು ತಿಂಗಳು ಯಾರೂ ಜಗಳ ಮಾಡುವುದು ಬೇಡ. ತಂದ ಪ್ರತಿ ಸಾಮಾನು, ಅದರ ತೂಕ, ರ‍್ಯಾಕಿನ ಚೀಟಿಯ ರೇಟು, ಪ್ಯಾಕೆಟ್ಟಿನ ಮೇಲಿನ ಎಂಆರ್‌ಪಿ ಬರೆದಿಡೋಣ. ಅಕ್ಕನ ಮಗಳು ಎಂಟನೇ ಕ್ಲಾಸು. ಬರೆಯುವ ಕೆಲಸ ಅವಳು ವಹಿಸಿಕೊಂಡಳು. ತಿಂಗಳ ಕೊನೆಗೆ ಅಂಗಡಿಯ ಬುಕ್ಕಿನ ಮೊತ್ತಕ್ಕೂ ಮನೆಯ ಲೆಕ್ಕಕ್ಕೂ 340 ರೂಪಾಯಿ ವ್ಯತ್ಯಾಸ ಬಂತು. ಅದರಲ್ಲಿ 120 ರೂಪಾಯಿ ಹಾಲಿನ ಕೂಲಿಂಗ್ ಚಾರ್ಜು: ದಿನಕ್ಕೆರಡು ಪ್ಯಾಕೆಟ್, ಒಂದಕ್ಕೆ ಎರಡು ರೂಪಾಯಿ, ಮೂವತ್ತು ದಿನ. 155 ರೂಪಾಯಿ ಅಕ್ಕ ತಂದೇ ಇಲ್ಲದ ಒಂದು ಎಣ್ಣೆ ಪ್ಯಾಕೆಟ್ಟಿನದು. ಬೇರೆ ಯಾರದೋ ಲೆಕ್ಕ ಇವರ ಪುಟಕ್ಕೆ ಬಿದ್ದಿತ್ತು. ಉಳಿದ 65 ರ‍್ಯಾಕಿನ ಚೀಟಿ ಮತ್ತು ಕಂಪ್ಯೂಟರಿನ ರೇಟಿನ ವ್ಯತ್ಯಾಸ.

ಆಗ ಅಕ್ಕನ ಬಾಕಿ 4,200 ರೂಪಾಯಿ. ಉದ್ರಿಗೆ ಬಡ್ಡಿ ಇಲ್ಲ ಅಂತ ಎಲ್ಲರೂ ನಂಬಿದ್ದರು. ಸಂಘದಲ್ಲಿ ಸಾಲ ತೆಗೆದರೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ. ಅಂದರೆ 4,200ಕ್ಕೆ 42 ರೂಪಾಯಿ. ಇಲ್ಲಿ ಹೋಗುತ್ತಿದ್ದದ್ದು 340. ನಗದು ಕೊಟ್ಟವರಿಗೂ ಹಾಲಿನ ಎರಡು ರೂಪಾಯಿ ತಪ್ಪುತ್ತಿರಲಿಲ್ಲ, ನಿಜ. ಆದರೆ ಬೇರೆ ಸಾಮಾನಿಗಾದರೂ ಅವರ ಕೈಯಲ್ಲಿ ಬಿಲ್ಲು ಇತ್ತು, ನಿಂತು ಕೇಳಬಹುದಿತ್ತು. ಉದ್ರಿಯವರಿಗೆ ನೋಡಲು ಕಾಗದವೂ ಇಲ್ಲ, ಕೇಳಲು ಬಾಯಿಯೂ ಇಲ್ಲ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದಾಗ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮೊದಲ ತೀರ್ಮಾನ: ಬಾಕಿ ತೀರಿಸುವುದು

ದೂರು ಕೊಡೋಣ ಅಂತ ಕೆಲವರು ಅಂದರು. ಅಕ್ಕ ಒಪ್ಪಲಿಲ್ಲ. ಮೊದಲು ಬಾಕಿ ಕೊಡುತ್ತೇನೆ, ಆಮೇಲೆ ಮಾತಾಡುತ್ತೇನೆ ಅಂದರು. ಈ ಇಡೀ ಪ್ರಕರಣದಲ್ಲಿ ಅತ್ಯಂತ ಜಾಣ ತೀರ್ಮಾನ ಇದು ಅಂತ ನನಗನ್ನಿಸುತ್ತದೆ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಒಂದೆರಡು ತಿಂಗಳು ಬಂದಿರಲಿಲ್ಲ. ಎರಡು ಕಂತು ಹತ್ತಿರ ಹತ್ತಿರ ಜಮೆ ಆದವು. ಮಗಳಿಗೆ ಬಟ್ಟೆ ತರಬೇಕು ಅಂತ ಇಟ್ಟುಕೊಂಡಿದ್ದ ದುಡ್ಡು ಅದು. ಅದಕ್ಕೆ ಹೊಲಿಗೆಯ 200 ಸೇರಿಸಿ ಅಂಗಡಿಗೆ ಕಟ್ಟಿದರು. ಬುಕ್ಕಿನ ಪುಟಕ್ಕೆ ಅಡ್ಡ ಗೆರೆ ಹಾಕಿಸಿ, ಸಾಹುಕಾರರ ಕೈಯಲ್ಲೇ ಸಹಿ ಮಾಡಿಸಿಕೊಂಡರು. ಈ ಸಹಿಯನ್ನು ಯಾರೂ ಬಿಡಬಾರದು. ತೀರಿದ ಬಾಕಿ ಮತ್ತೆ ಬುಕ್ಕಿನಲ್ಲಿ ಎದ್ದು ಬಂದ ಉದಾಹರಣೆಗಳು ಆ ಊರಿನಲ್ಲೇ ಇವೆ.

ಆಮೇಲೆ ಐದು ಜನ ಹೆಣ್ಣುಮಕ್ಕಳು ರಾತ್ರಿ ಅಂಗಡಿಗೆ ಹೋದರು. ಹುಡುಗರ ಹತ್ತಿರ ಮಾತಾಡಲಿಲ್ಲ. ಸಾಹುಕಾರರು ಬರುವವರೆಗೆ ಕಾದರು. ಫೋನಿನಲ್ಲಿ ಫೋಟೋ ಇದ್ದವು: ದಿನಾಂಕ ಮುಗಿದ ಪ್ಯಾಕೆಟ್ಟು, ರ‍್ಯಾಕಿನ ಚೀಟಿ, ಅದರ ಪಕ್ಕ ಬಿಲ್ಲು. ಕೈಯಲ್ಲಿ ನೋಟ್‌ಬುಕ್ಕು. “ಸಾವ್ಕಾರ್ರ, ನಾವು ಜಗಳಕ್ಕ ಬಂದಿಲ್ಲ. ಲೆಕ್ಕ ತಂದೀವಿ, ನೋಡ್ರಿ,” ಅಂದರು ಅಕ್ಕ. ಸಾಹುಕಾರರಿಗೆ ಚೀಟಿಯ ವಿಷಯ ಗೊತ್ತೇ ಇರಲಿಲ್ಲ. ಎಣ್ಣೆಯ 155 ಅಲ್ಲೇ ವಾಪಸ್ ಕೊಟ್ಟರು. ಹಳೇ ಮಾಲು ತೆಗೆಸುತ್ತೇನೆ ಅಂದರು, ಹೆಚ್ಚುಕಡಿಮೆ ತೆಗೆಸಿದರು ಕೂಡ. ಆದರೆ ಉದ್ರಿಗೂ ಬಿಲ್ಲು ಕೊಡಿ ಅಂದಾಗ, “ಉದ್ರಿಗೆ ಯಾರವ್ವಾ ಬಿಲ್ ಕೇಳ್ತಾರ?” ಅಂದರು. ಕೂಲಿಂಗ್ ಚಾರ್ಜಿನ ಮಾತು ಎತ್ತಿದಾಗಲಂತೂ ಮುಖ ಗಂಟು ಹಾಕಿದರು. ಕರೆಂಟ್ ಬಿಲ್ ನೀವು ಕಟ್ಟುತ್ತೀರಾ ಅಂತ ಕೇಳಿದರು.

ದೂರಿನ ದಾರಿ

ಇಲ್ಲಿ ಕಾನೂನು ಸ್ಪಷ್ಟವಾಗಿದೆ. ಎಂಆರ್‌ಪಿ ಅಂದರೆ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ತಣ್ಣಗೆ ಇಟ್ಟದ್ದಕ್ಕೆ ಅಂತ ಅದರ ಮೇಲೆ ಒಂದು ರೂಪಾಯಿ ತಗೊಂಡರೂ 2011ರ ಪೊಟ್ಟಣ ಸಾಮಗ್ರಿಗಳ ನಿಯಮಕ್ಕೆ ವಿರುದ್ಧ. ಗಿರಾಕಿ ಎದುರಿಗಿಲ್ಲದಾಗ ಕವರಿಗೆ ತುಂಬಿ ಇಟ್ಟ ಬೇಳೆಯೂ ಪೊಟ್ಟಣವೇ, ಅದರ ಮೇಲೆ ತೂಕ, ಬೆಲೆ, ತುಂಬಿದವರ ವಿವರ ಇರಬೇಕು. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು, ಅದರ ಪ್ರಮಾಣಪತ್ರ ಕಾಣುವ ಜಾಗದಲ್ಲಿ ತೂಗು ಹಾಕಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ.

ಸಾಕ್ಷಿ ಹೊಂದಿಸುವುದೇ ಕಷ್ಟದ ಕೆಲಸವಾಗಿತ್ತು. ಹಾಲಿಗೆ ಬಿಲ್ಲು ಹಾಕುತ್ತಲೇ ಇರಲಿಲ್ಲ. ಇದಕ್ಕೆ ದಾರಿ ಹುಡುಕಿದವಳು ಅಕ್ಕನ ಮಗಳೇ. ಬೇರೆ ಏನೂ ತಗೊಳ್ಳದೆ ಹಾಲು ಮಾತ್ರ ತಗೊಂಡು, ಫೋನ್‌ಪೇಯಲ್ಲಿ ದುಡ್ಡು ಹಾಕುವುದು. ಪ್ಯಾಕೆಟ್ಟಿನ ಬೆಲೆಯ ಫೋಟೋ ಒಂದು ಕಡೆ, ದುಡ್ಡು ಹೋದ ಸ್ಕ್ರೀನ್‌ಶಾಟ್ ಇನ್ನೊಂದು ಕಡೆ. ಬೇರೆ ಬೇರೆ ಮನೆಯವರು ಬೇರೆ ಬೇರೆ ದಿನ ಹೀಗೆ ಮಾಡಿದರು. ತಕ್ಕಡಿ ಪರೀಕ್ಷೆಗೂ ಒಂದು ಸುಲಭ ಉಪಾಯ ಮಾಡಿದರು. ಮುಚ್ಚಿದ ಒಂದು ಕೆಜಿ ಉಪ್ಪಿನ ಪ್ಯಾಕೆಟ್ಟನ್ನು ಅಂಗಡಿಯ ತಕ್ಕಡಿ ಮೇಲೇ ಇಟ್ಟು ನೋಡಿದರು. ಕವರಿನ ತೂಕ ಸೇರಿ ಒಂದು ಕೆಜಿಗಿಂತ ಚೂರು ಜಾಸ್ತಿ ತೋರಿಸುವುದು ಸಹಜ. ಇಲ್ಲಿ ಹತ್ತಿರ ಹತ್ತಿರ 50 ಗ್ರಾಂ ಜಾಸ್ತಿ ತೋರಿಸಿತು. ಇದು ಕಾನೂನಿನ ಪರೀಕ್ಷೆಯಲ್ಲ, ಅನುಮಾನಕ್ಕೆ ಸಾಕು.

1915ಕ್ಕೆ ಫೋನ್ ಮಾಡಿದರು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ದೂರಿನ ಸಂಖ್ಯೆ ಕೊಟ್ಟು, ಬೆಲೆ ಮತ್ತು ತೂಕದ ವಿಷಯ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರೆಯಿರಿ ಅಂದರು. ಜನ ಅದನ್ನು ತೂಕ ಅಳತೆ ಇಲಾಖೆ ಅಂತಲೇ ಕರೆಯುತ್ತಾರೆ. ಸಂಘದ ಹೆಸರಿನಲ್ಲಿ ಒಂದು ಪುಟದ ಅರ್ಜಿ, ಜೊತೆಗೆ ಫೋಟೋಗಳು. ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದ ಮಾತೂ ಬಂತು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕ ಇಲ್ಲ. ಆದರೆ ಬೇಕಿದ್ದದ್ದು ಪರಿಹಾರದ ದುಡ್ಡಲ್ಲ, ನಾಳೆಯಿಂದ ಸರಿಯಾದ ರೇಟು. ಹಾಗಾಗಿ ಅಲ್ಲಿಗೆ ಹೋಗಲಿಲ್ಲ. ಅದು ಸರಿಯಾದ ಆಯ್ಕೆಯೇ ಆಗಿತ್ತು.

ಏನಾಯಿತು

ಕೆಲವು ವಾರಗಳ ಮೇಲೆ ಇಲಾಖೆಯವರು ಪರಿಶೀಲನೆಗೆ ಬಂದರು. ತಕ್ಕಡಿಯ ಮುದ್ರೆಯ ಅವಧಿ ಮುಗಿದಿತ್ತು. ಆಮೇಲೆ ಹೊಸ ಪ್ರಮಾಣಪತ್ರ ಗೋಡೆಗೆ ಬಂತು. ಹಾಲು ಎಂಆರ್‌ಪಿಗೆ ಸಿಗತೊಡಗಿತು. ಪಿನ್ ಹೊಡೆದ ಕವರುಗಳು ಮಾಯವಾದವು, ಬೇಳೆಯನ್ನು ಎದುರಿಗೇ ತೂಗಿ ಕೊಡುತ್ತಾರೆ.

ಆದರೆ ಇದಕ್ಕೆ ಒಂದು ಬೆಲೆಯನ್ನೂ ತೆರಬೇಕಾಯಿತು, ಅದನ್ನು ಮುಚ್ಚಿಡಬಾರದು. ಅರ್ಜಿಗೆ ಸಹಿ ಹಾಕಿದವರಿಗೆ ಉದ್ರಿ ಬಂದ್ ಆಯಿತು. ಅಕ್ಕನಿಗೆ ಅದರಿಂದ ತೊಂದರೆ ಇಲ್ಲ, ಬಾಕಿ ತೀರಿಸಿಯಾಗಿತ್ತು. ಸಹಿ ಹಾಕಿದವರಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಇದ್ದರು. ಗದ್ದೆ ಕೂಲಿ ಇದ್ದಾಗ ದುಡ್ಡು, ಇಲ್ಲದಾಗ ಉದ್ರಿ. ನಾಟಿ, ಕೊಯ್ಲು ಎರಡೂ ಇಲ್ಲದ ದಿನಗಳಲ್ಲಿ ಅವರ ಒಲೆಗೆ ಆ ಅಂಗಡಿಯೇ ಆಧಾರ. ಉದ್ರಿ ನಿಂತದ್ದು ಅವರಿಗೆ ದೊಡ್ಡ ಪೆಟ್ಟು. ಹೀಗಾಗಬಹುದು ಅಂತ ಅರ್ಜಿ ಬರೆಯುವಾಗಲೇ ಯೋಚಿಸಬೇಕಿತ್ತು. ಸಂಘ ತಡವಾಗಿಯಾದರೂ ಅವರಿಗೆ 1,500 ರೂಪಾಯಿ ಕೊಟ್ಟಿತು. ಬೇರೆ ಊರಿನವರು ಇಂಥ ಕೆಲಸಕ್ಕೆ ಇಳಿಯುವ ಮೊದಲು, ಯಾರು ಆ ಅಂಗಡಿಯ ಮೇಲೆ ಅವಲಂಬಿಸಿದ್ದಾರೆ ಅಂತ ನೋಡಿ, ಅವರ ಸಹಿ ಹಾಕಿಸದೇ ಇರುವುದು ಒಳ್ಳೆಯದು.

ಖರೀದಿ ಹೇಗೆ ಬದಲಾಯಿತು

ಅಕ್ಕ ಈಗ ಎಲ್ಲವನ್ನೂ ಒಂದೇ ಕಡೆ ತರುವುದಿಲ್ಲ. ಬೇಳೆ, ಬೆಲ್ಲ, ಎಣ್ಣೆ, ಸೋಪು ಮುಂತಾದ ತಿಂಗಳ ಸಾಮಾನನ್ನು ಸಂಬಳ ಬಂದ ಮೇಲೆ ಗಂಗಾವತಿಯ ಹೋಲ್‌ಸೇಲ್ ಕಿರಾಣಿಯಿಂದ ತರುತ್ತಾರೆ. ಸರ್ಕಾರಿ ಬಸ್ಸು ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ. ಹಾಗಾಗಿ ಆಟೋ ಖರ್ಚು ಇಲ್ಲ. ಚೀಟಿ ಮನೆಯಲ್ಲೇ ಬರೆಯುತ್ತಾರೆ, ಮಕ್ಕಳಿಗೆ ಒಂದೊಂದು ಸಾಮಾನು ಆರಿಸುವ ಅವಕಾಶ ಚೀಟಿಯಲ್ಲೇ ಇರುತ್ತದೆ. ಹಾಲು, ಬ್ರೆಡ್ಡು, ಉಪ್ಪಿಗೆ ಈಗಲೂ ಊರಿನ ಅದೇ ಅಂಗಡಿ. ಆದರೆ ನಗದು ಕೊಟ್ಟು, ದಿನಾಂಕ ನೋಡಿ, ಬಿಲ್ಲು ತಗೊಂಡು.

ಅವರು ಕಲಿತ ಲೆಕ್ಕಗಳಲ್ಲಿ ಎಣ್ಣೆಯದು ಎಲ್ಲರಿಗೂ ಉಪಯೋಗ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಈಗ ನೋಡಲು ಲೀಟರ್ ಪ್ಯಾಕೆಟ್ಟಿನಂತೆಯೇ ಇರುವ, 850 ಗ್ರಾಮಿನ ಪ್ಯಾಕೆಟ್ಟೂ ಬರುತ್ತದೆ. ಊರಿನ ಅಂಗಡಿಯಲ್ಲಿ ಇದು 148 ರೂಪಾಯಿ, ಪೂರ್ತಿ ಲೀಟರಿನದು 155. ಏಳು ರೂಪಾಯಿ ಉಳಿಯಿತು ಅಂತ ಎಲ್ಲರೂ 148ರದನ್ನೇ ಒಯ್ಯುತ್ತಿದ್ದರು. ಕೆಜಿ ಲೆಕ್ಕ ಹಾಕಿದರೆ ಅದು 174 ರೂಪಾಯಿ, ಲೀಟರಿನದು 170. ಈ ಭಾಗಾಕಾರ ಮಾಡುವ ಕಷ್ಟವೂ ಈಗ ಕಡಿಮೆ. ಪ್ಯಾಕೆಟ್ಟಿನ ಮೇಲೆ ಗ್ರಾಮಿಗೆ ಅಥವಾ ಕೆಜಿಗೆ ಎಷ್ಟು ಅಂತ ಬೆಲೆ ಮುದ್ರಿಸುವುದು ಈಗ ಕಡ್ಡಾಯ. ಎಂಆರ್‌ಪಿ ಹತ್ತಿರವೇ ಸಣ್ಣ ಅಕ್ಷರದಲ್ಲಿರುತ್ತದೆ.

ಅಕ್ಕಿ ವಿಷಯದಲ್ಲಿ 25 ಕೆಜಿ ಚೀಲ ಮತ್ತು 26 ಕೆಜಿ ಚೀಲ ಪಕ್ಕಪಕ್ಕ ಇದ್ದಾಗ ಜನ ಗೊಂದಲ ಮಾಡಿಕೊಳ್ಳುತ್ತಾರೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಅಕ್ಕಿ ಚೀಲಕ್ಕೆ 5% ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. 26ರ ಚೀಲ ಹುಟ್ಟಿದ್ದೇ ಹೀಗೆ. ಸೋನಾ ಮಸೂರಿ ಬೆಳೆಯುವ ಸೀಮೆಯಲ್ಲೇ ಇದ್ದುಕೊಂಡು ಐದೈದು ಕೆಜಿ ಅಕ್ಕಿ ಉದ್ರಿ ತರುವುದು ಬೇಡ ಅಂತ ಎರಡು ಮನೆಯವರು ಸೇರಿ ಈಗ ದೊಡ್ಡ ಚೀಲವನ್ನೇ ತಂದು ಹಂಚಿಕೊಳ್ಳುತ್ತಾರೆ. ದೋಸೆ ಇಡ್ಲಿಗೆ ರೇಷನ್ ಅಕ್ಕಿ.

ಬಿಲ್ಲು ಇಟ್ಟುಕೊಂಡ ಉಪಯೋಗ 2025ರ ಸೆಪ್ಟೆಂಬರ್ 22ರ ಮೇಲೆ ಚೆನ್ನಾಗಿ ಕಂಡಿತು. ಅಂದಿನಿಂದ ಸೋಪು, ಟೂತ್‌ಪೇಸ್ಟ್, ಶಾಂಪೂ, ಬಿಸ್ಕತ್ತಿನ ಜಿಎಸ್‌ಟಿ 18%ರಿಂದ 5%ಗೆ ಇಳಿಯಿತು. ತೆರಿಗೆ ಸೇರಿ 118 ರೂಪಾಯಿ ಇದ್ದದ್ದು 105 ಆಗಬೇಕು. ಊರಿನ ಅಂಗಡಿಯ ಕಂಪ್ಯೂಟರಿನಲ್ಲಿ ಹಳೇ ದರವೇ ಇತ್ತು. ಹಿಂದಿನ ತಿಂಗಳ ಬಿಲ್ಲು ಮುಂದಿಟ್ಟು ಅಕ್ಕ ಕೇಳಿದರು: “ತಮ್ಮಾ, ಟ್ಯಾಕ್ಸ್ ಇಳದೈತಲ್ಲ, ಇದರಾಗ ಯಾಕ ಇಳದಿಲ್ಲ?” ಹುಡುಗ ಸಾಹುಕಾರರಿಗೆ ಫೋನ್ ಹಚ್ಚಿದ. ಎರಡು ದಿನದಲ್ಲಿ ರೇಟು ಬದಲಾಯಿತು. ಜೋರು ಮಾತು ಒಂದೂ ಇರಲಿಲ್ಲ. ಬಾಕಿ ಇಲ್ಲದ ಗಿರಾಕಿ, ಕೈಯಲ್ಲಿ ಕಾಗದ, ಇಷ್ಟೇ ಇದ್ದದ್ದು.

ಅಕ್ಕನ ಮನೆಯ ಕಿರಾಣಿ ಈಗ 5,700 ರೂಪಾಯಿ ಆಸುಪಾಸು ನಿಂತಿದೆ. ಅಂಗಡಿ ಪೂರ್ತಿ ಸುಧಾರಿಸಿಲ್ಲ. ರ‍್ಯಾಕಿನ ಚೀಟಿ ಆಗಾಗ ತಪ್ಪುತ್ತದೆ, ಸಂಬಳದ ವಾರದ ಸಾಲು ಹಾಗೇ ಇದೆ. ಉದ್ರಿಗೆ ಬಿಲ್ಲು ಇನ್ನೂ ಕೊಡುತ್ತಿಲ್ಲ. ಸಂಘ ತನ್ನ ಉಳಿತಾಯದಿಂದ 10,000 ರೂಪಾಯಿಯನ್ನು ಕಿರಾಣಿ ಸಾಲಕ್ಕೆ ಅಂತಲೇ ತೆಗೆದಿಟ್ಟಿದೆ, ನೂರಕ್ಕೆ ಒಂದು ರೂಪಾಯಿ ಬಡ್ಡಿ, ಮೂರು ತಿಂಗಳಲ್ಲಿ ವಾಪಸ್. ಇಬ್ಬರು ಅದರಿಂದ ಅಂಗಡಿಯ ಬಾಕಿ ತೀರಿಸಿದ್ದಾರೆ. ಕೂಲಿಯ ಆ ತಾಯಿಗೆ ಮೂರು ತಿಂಗಳ ಗಡುವು ಸಾಲುವುದಿಲ್ಲ, ಕೊಯ್ಲು ಮುಗಿಯುವವರೆಗೆ ಕೊಡಬೇಕು ಅಂತ ಅಕ್ಕ ಕೇಳಿದ್ದಾರೆ. ಮುಂದಿನ ಸಭೆಯಲ್ಲಿ ಅದೇ ಮೊದಲ ವಿಷಯ.